ಒಂದು ಕಿಟಕಿಗೆ ಎರಡು ಗಾಳ

ಸೊಸೆ: ಇಲ್ಲ ಅಂದ್ರೆ ಇಲ್ಲ. ನೀವು ನಿಂತ ಕಡೆ ನಾನು ನಿಲ್ಲಲ್ಲ.

ಮಗ: ಮತ್ತೆ ಎಲ್ಲಿ ನಿಲ್ತೀಯ? ಸುತ್ತ ನೀರು ಬಿಟ್ರೆ ಬೇರೇನಿಲ್ಲ.

ಸೊಸೆ: ಆ ಪಕ್ಕ ನಿಲ್ತೀನಿ. ಬೋಟಿಗೆ ಎರಡು ಪಕ್ಕ ಇದೆ. ನಮ್ಮ ಮನೆ ಕಿಟಕಿ ಹಾಗಲ್ಲ, ಇರೋದೊಂದು, ಅದೂ ನಿಮಗೇ.

ಮಗ: ಕೇಳಿಸ್ತೇನಮ್ಮಾ? ನಡು ಸಮುದ್ರಕ್ಕೆ ಬಂದ್ರೂ ಇವಳು ಕಿಟಕಿ ಬಿಡಲಿಲ್ಲ.

ಸೊಸೆ: ನೀವು ಬಿಟ್ಟಿದ್ರೆ ನಾನೂ ಬಿಡ್ತಿದ್ದೆ.

ಅಮ್ಮ ಬೋಟಿನ ನಡುವಿನ ಬೆಂಚಿನ ಮೇಲೆ ಕುಳಿತು ನಿಂಬೆಹಣ್ಣು ಮೂಸುತ್ತಿದ್ದಳು. ಬೋಟು ಏಳುವಾಗ ಅವಳ ಹೊಟ್ಟೆ ಇಳಿಯುತ್ತಿತ್ತು. ಬೋಟು ಇಳಿಯುವಾಗ ಹೊಟ್ಟೆ ಏಳುತ್ತಿತ್ತು. ಮಗನಿಗೆ ಏನೋ ಹೇಳಬೇಕೆಂದು ಅವಳಿಗೆ ಅನಿಸಿತು. ಆದರೆ ಬಾಯಿ ತೆರೆದರೆ ಬರುವುದು ಮಾತೇ ಎಂಬ ಭರವಸೆ ಅವಳಿಗಿರಲಿಲ್ಲ.

ಮಗ ಗಡಿಯಾರ ರಿಪೇರಿಯವನು. ಸೊಸೆ ಬಟ್ಟೆ ಹೊಲಿಯುವವಳು. ಮನೆಯಲ್ಲಿ ಬೆಳಕು ಬರುವ ಕಿಟಕಿ ಒಂದೇ, ಮುಂದಿನ ಕೋಣೆಯಲ್ಲಿ. ಉಳಿದ ಕಿಟಕಿಗಳೆಲ್ಲ ಪಕ್ಕದ ಮನೆಯ ಗೋಡೆ ನೋಡುತ್ತವೆ. ಬೆಳಕಿನ ಕಿಟಕಿಯ ಕೆಳಗೆ ಮಗನ ಮೇಜು, ಮೇಜಿನ ತುಂಬ ಹೊಟ್ಟೆ ಬಿಚ್ಚಿದ ಗಡಿಯಾರಗಳು. ಸೊಸೆಯ ಹೊಲಿಗೆ ಯಂತ್ರ ಅಡುಗೆಮನೆ ಬಾಗಿಲ ಪಕ್ಕದಲ್ಲಿ, ಹಗಲಲ್ಲೂ ದೀಪ ಬೇಡುವ ಮೂಲೆಯಲ್ಲಿ. ಮೊನ್ನೆ ಅವಳು ಆ ಮೂಲೆಯಲ್ಲಿ ಕುಳಿತು ನೀಲಿ ಅಂಗಿಗೆ ಕಪ್ಪು ದಾರದಲ್ಲಿ ತೋಳು ಹೊಲಿದುಬಿಟ್ಟಳು. ಅಂಗಿಯವರು ಬಂದು ಅದನ್ನು ಅವಳ ಮುಂದೆ ಎಸೆದು ಹೋದರು. ಅಂದಿನಿಂದ ಮನೆಯಲ್ಲಿ ಬೇರೆ ಮಾತೇ ಇಲ್ಲ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರು ಉಣ್ಣುವಾಗಲೂ ಜಗಳವಾಡಿದರು, ಮಲಗಿದ ಮೇಲೂ ಆಡಿದರು. ನಡುವೆ ಬಡವಾಗಲು ಮನೆಯಲ್ಲಿ ಕೂಸಿರಲಿಲ್ಲ. ಅಮ್ಮನೇ ಬಡವಾದಳು.

ಅಷ್ಟರಲ್ಲಿ ಬೋಟಿನವನು ಬಂದು ಕರೆದ. ಜನರನ್ನು ಕೂರಿಸಿಕೊಂಡು ದೂರ ಸಮುದ್ರಕ್ಕೆ ಗಾಳ ಹಾಕಲು ಕರೆದೊಯ್ಯುವ ದೊಡ್ಡ ಬೋಟು ಅವನದು. ಬೋಟಿನ ಕೋಣೆಗೆಂದು ಅವನು ತಂದ ಹಳೆಯ ಗೋಡೆ ಗಡಿಯಾರವನ್ನು ಮಗ ಸರಿಮಾಡಿ ಕೊಟ್ಟಿದ್ದ. ಆ ಉಪಕಾರಕ್ಕೆ ಇದು. ಮೂವರೂ ಅದುವರೆಗೆ ಸಮುದ್ರವನ್ನು ದಡದಲ್ಲಿ ನಿಂತು ನೋಡಿದವರೇ ಹೊರತು ಒಳಗೆ ಹೋದವರಲ್ಲ. ಗಾಳಿ ಬದಲಾದರೆ ಮಾತೂ ಬದಲಾದೀತು ಎಂದು ಅಮ್ಮನೇ ಇಬ್ಬರನ್ನೂ ಹೊರಡಿಸಿದ್ದಳು.

ಗಾಳಿ ಬದಲಾಯಿತು. ಮಾತು ಬದಲಾಗಲಿಲ್ಲ.

ಬೋಟಿನವನು ಗಾಳದ ಕೋಲುಗಳ ಹೊರೆ ಹೊತ್ತುಕೊಂಡು ಬಂದ.

ಮಗ: ಏನಪ್ಪಾ, ನಮ್ಮ ಗಡಿಯಾರ ಚೆನ್ನಾಗಿ ನಡೀತಿದೆಯಾ?

ಬೋಟಿನವ: ದಡದಲ್ಲಿ ಕಟ್ಟಿಹಾಕಿದಾಗ ಬಂಗಾರದ ಹಾಗೆ ನಡೆಯುತ್ತೆ ಸಾರ್. ಸಮುದ್ರಕ್ಕೆ ಬಂದ್ರೆ ಅದಕ್ಕೂ ತಲೆ ಸುತ್ತುತ್ತೆ.

ಮಗ: ತಲೆ ಸುತ್ತುತ್ತಾ?

ಬೋಟಿನವ: ಲೋಲಕದ ಗಡಿಯಾರ ಅಲ್ವಾ ಸಾರ್. ಬೋಟು ಆಡಿದ ಹಾಗೆ ಅದೂ ಆಡುತ್ತೆ. ಅಲೆ ಜೋರಾದ್ರೆ ತಿಂಡಿ ಹೊತ್ತಿಗೇ ಸಾಯಂಕಾಲ ಆಗಿಬಿಡುತ್ತೆ.

ಸೊಸೆ: ಅಲ್ಲಾಡೋ ಬೋಟಿಗೆ ಅಲ್ಲಾಡೋ ಗಡಿಯಾರ ಕೊಟ್ರಾ? ಇದಕ್ಕೇನಾ ನಿಮಗೆ ಅಷ್ಟು ಬೆಳಕು ಬೇಕಾಗಿದ್ದು?

ಮಗ: ರಿಪೇರಿ ಮಾಡು ಅಂದ, ಮಾಡಿದೆ. ಎಲ್ಲಿ ತೂಗುಹಾಕ್ತೀಯ ಅಂತ ನಾನ್ಯಾಕೆ ಕೇಳ್ಲಿ?

ಸೊಸೆ: ನಾನು ಅಂಗಿ ಹೊಲಿಯೋ ಮುಂಚೆ ಹಾಕೋರ ಮೈ ಅಳತೆ ತಗೋತೀನಪ್ಪ.

ಮಗ: ಅಳತೆ ತಗೊಂಡು ಕಪ್ಪು ದಾರ ಹಾಕ್ತೀಯ.

ಅಮ್ಮ: ಅಯ್ಯೋ, ಸುಮ್ನಿರೋ! ಅವರು ಏನೋ ಹೇಳೋಕೆ ಬಂದಿದ್ದಾರೆ.

ಬೋಟಿನವನು ಗಂಟಲು ಸರಿಮಾಡಿಕೊಂಡು ಬೋಟಿನ ಜನಕ್ಕೆಲ್ಲ ಕೇಳುವ ಹಾಗೆ ಕೂಗಿದ.

ಬೋಟಿನವ: ಎಲ್ಲರೂ ಕೇಳಿ! ಗಾಳ ಇಳಿಸಿ. ಸೀಸದ ಗುಂಡು ತಳ ಮುಟ್ಟಿದ್ದು ಕೈಗೆ ಗೊತ್ತಾಗುತ್ತೆ. ಅಲ್ಲಿಗೆ ನಿಲ್ಲಿಸಿ. ಆಮೇಲೂ ದಾರ ಬಿಡ್ತಾ ಹೋದ್ರೆ ಅದು ಬೋಟಿನಡಿಗೆ ನುಗ್ಗಿ ಯಾರ ದಾರಕ್ಕಾದ್ರೂ ಸುತ್ತಿಕೊಳ್ಳುತ್ತೆ. ಚಿಕ್ಕದು ಸಿಕ್ಕಿದ್ರೆ ವಾಪಸ್ ನೀರಿಗೆ. ದೊಡ್ಡದು ಸಿಕ್ಕಿದ್ರೆ ನಿಮ್ಮ ಮನೆಗೆ. ಎಲ್ಲಕ್ಕಿಂತ ದೊಡ್ಡದನ್ನ ಇದರ ಮೇಲಿಟ್ಟು ತೂಗಿ, ಹಿಡಿದೋರ ಫೋಟೋ ತೆಗೆದು ಒಳಗೆ ಗೋಡೆಗೆ ಹಾಕ್ತೀವಿ.

ಅವನು ಕಾಲಿನಿಂದ ತಟ್ಟಿದ್ದು ಮೀನಿನ ಬುಟ್ಟಿ ತೂಗುವ ಯಂತ್ರವನ್ನು. ಕೆಳಗೆ ಅಗಲವಾದ ಹಲಗೆ, ಮೇಲೆ ದುಂಡನೆಯ ಮುಖ, ಅದರಲ್ಲಿ ಕೆಂಪು ಮುಳ್ಳು. ಮಗ ಅದನ್ನೂ ಗಡಿಯಾರವೆಂದೇ ತಿಳಿದು ಸ್ವಲ್ಪ ಹೊತ್ತು ಪ್ರೀತಿಯಿಂದ ನೋಡಿದ.

ಸೊಸೆ: ಕೇಳಿದ್ರಾ? ಹೀಗೇ ತೀರ್ಮಾನ ಆಗ್ಲಿ. ಯಾರಿಗೆ ದೊಡ್ಡದು ಸಿಗುತ್ತೋ ಅವರಿಗೆ ಕಿಟಕಿ.

ಮಗ: ಆಮೇಲೆ ಅಳಬಾರದು.

ಸೊಸೆ: ಅಳೋ ಮುಖ ಯಾವುದು ಅಂತ ಗೊತ್ತಾಗುತ್ತೆ ಬಿಡಿ.

ಮಗ: ಮೀನು ಎಳೆಯೋಕೆ ಮೈಯಲ್ಲಿ ಭಾರ ಬೇಕು ಕಣೇ. ನೀನು ನೋಡಿದ್ರೆ ಕಡ್ಡಿ. ಮೀನೇ ನಿನ್ನ ಎಳ್ಕೊಂಡು ಹೋಗುತ್ತೆ.

ಸೊಸೆ: ಆ ಭಾರ ಇಳಿಸಿ ಅಂತ ಡಾಕ್ಟ್ರು ಬಾಯಿ ಬಡ್ಕೊಳ್ತಿದ್ದಾರೆ.

ಮಗ: ಡಾಕ್ಟ್ರಿಗೆ ಸಮುದ್ರದ ವಿಷಯ ಏನು ಗೊತ್ತು? ಇವತ್ತು ನೋಡು ನನ್ನ ತೂಕದ ಬೆಲೆ.

ಅಮ್ಮ: ನೀರಲ್ಲಿರೋ ಎಮ್ಮೆಗೆ ದಡದಲ್ಲಿ ವ್ಯಾಪಾರ ಅಂದ್ರೆ ಇದೇ. ಇಬ್ಬರಿಗೂ ಮೀನೇ ಸಿಗದಿದ್ರೆ?

ಈ ಮಾತು ಮಗನ ಎದೆಗೆ ನಾಟಿತು. ಅವನು ಹುಟ್ಟಿದ ಮೇಲೆ ಒಂದು ಮೀನನ್ನೂ ಹಿಡಿದವನಲ್ಲ. ಸ್ವಲ್ಪ ಯೋಚನೆ ಮಾಡಿದ.

ಮಗ: ಮೀನೇ ಆಗ್ಬೇಕು ಅಂತೇನಿಲ್ಲ. ಗಾಳಕ್ಕೆ ಏನು ಸಿಕ್ಕಿದ್ರೂ ಲೆಕ್ಕ. ಹಳೇ ಬೂಟು, ಒಡೆದ ಬುಟ್ಟಿ, ಏನಾದ್ರೂ ಸರಿ. ಯಾರದ್ದು ಜಾಸ್ತಿ ತೂಗುತ್ತೋ ಅವರು ಗೆದ್ದ ಹಾಗೆ.

ಸೊಸೆ: ಏನು ಸಿಕ್ಕಿದ್ರೂನಾ?

ಮಗ: ಏನು ಸಿಕ್ಕಿದ್ರೂ.

ಸೊಸೆ: ಮಾತು ತಪ್ಪಬಾರದು.

ಮಗ: ಗಂಡಸಿನ ಮಾತು. ಏನಪ್ಪಾ, ನೀನೇ ಸಾಕ್ಷಿ.

ಬೋಟಿನವ: ಸಾಕ್ಷಿ ಹೇಳ್ತೀನಿ ಸಾರ್. ದಾರ ಮಾತ್ರ ಜಾಸ್ತಿ ಬಿಡಬೇಡಿ.

ಮಗ ಎಡಪಕ್ಕದ ಕಂಬಿಗೆ ಹೋಗಿ ನಿಂತ. ಸೊಸೆ ಬಲಪಕ್ಕಕ್ಕೆ ಹೋದಳು. ಗಂಡಹೆಂಡಿರು ಬೆನ್ನಿಗೆ ಬೆನ್ನು ಮಾಡಿ, ನಡುವೆ ಅಮ್ಮನನ್ನೂ ಅವಳ ನಿಂಬೆಹಣ್ಣನ್ನೂ ಬಿಟ್ಟು, ಗಾಳಕ್ಕೆ ಸಿಗಡಿ ಚುಚ್ಚಿ ನೀರಿಗೆ ಇಳಿಸಿದರು.

ಅಮ್ಮನಿಗೆ ಕುಳಿತರೆ ಸಂಕಟ, ನಡೆದರೆ ಸ್ವಲ್ಪ ವಾಸಿ. ಕಂಬಿ ಹಿಡಿದು ಮಗನ ಬಳಿ ಹೋದಳು.

ಅಮ್ಮ: ಇಳೀತೇನೋ?

ಮಗ: ತಳ ಮುಟ್ತು. ಅವಳದ್ದು?

ಅಮ್ಮ: ನಾನೇನು ನೀರೊಳಗೆ ಹೋಗಿ ನೋಡಿದ್ನಾ?

ಮಗ: ಸುಮ್ನೆ ಹೋಗಿ ನೋಡ್ಕೊಂಡು ಬಾಮ್ಮ. ನಾನು ಕೇಳ್ದೆ ಅಂತ ಹೇಳಬೇಡ.

ಅಮ್ಮ ಆ ಪಕ್ಕಕ್ಕೆ ಹೋದಳು.

ಅಮ್ಮ: ಎಷ್ಟು ದಾರ ಬಿಟ್ಟೆ ಅಂತ ಕೇಳ್ತಿದ್ದಾನೆ. ಅವನು ಕೇಳಿದ ಅಂತ ಹೇಳಬಾರದಂತೆ.

ಸೊಸೆ: ಅವರು ಎಷ್ಟು ಬಿಟ್ಟಿದ್ದಾರೆ ಅತ್ತೆ?

ಅಮ್ಮ: ತಳ ಮುಟ್ಟಿದೆಯಂತೆ.

ಸೊಸೆ: ನಂದೂ ಮುಟ್ಟಿದೆ. ಆದ್ರೂ ಇನ್ನೊಂಚೂರು ಬಿಡ್ತೀನಿ. ದೊಡ್ಡ ಮೀನೆಲ್ಲ ದೂರದಲ್ಲಿರುತ್ತೆ.

ಅಮ್ಮ ಈ ಪಕ್ಕಕ್ಕೆ ಬಂದಳು.

ಅಮ್ಮ: ಇನ್ನೊಂಚೂರು ಬಿಟ್ಟಳು ಕಣೋ.

ಮಗ: ಹೌದಾ? ಹಾಗಾದ್ರೆ ನಾನು ಎರಡು ಚೂರು ಬಿಡ್ತೀನಿ.

ಅಮ್ಮ: ಬೋಟಿನವನು ಬಿಡಬೇಡ ಅಂದಿದ್ನಲ್ಲೋ.

ಮಗ: ಅದು ಮಾಮೂಲಿ ಜನಕ್ಕೆ ಹೇಳಿದ್ದು.

ಅಮ್ಮ ಹೀಗೆ ಆಚೆಗೂ ಈಚೆಗೂ ನಡೆದಳು. ಅವಳ ತಲೆಸುತ್ತು ಇಳಿಯಿತು. ಆದರೆ ಅವಳು ಆಚೆ ಹೋದಾಗ ಆಚೆಯ ರೀಲು ಬಿಚ್ಚಿಕೊಂಡಿತು, ಈಚೆ ಬಂದಾಗ ಈಚೆಯ ರೀಲು ಬಿಚ್ಚಿಕೊಂಡಿತು. ಇಬ್ಬರ ರೀಲಿನ ಬುಡ ಕಾಣುವವರೆಗೂ ಅಮ್ಮನ ನಡಿಗೆ ನಡೆಯಿತು. ಬೋಟು ಮೆಲ್ಲಗೆ ಪಕ್ಕಕ್ಕೆ ತೇಲುತ್ತಿತ್ತು. ಬೋಟಿನಡಿಯಲ್ಲಿ ಏನು ನಡೆಯುತ್ತಿದೆ ಎಂಬುದು ಮೀನುಗಳಿಗೆ ಮಾತ್ರ ಗೊತ್ತಿತ್ತು.

ಅಮ್ಮ ಸುಸ್ತಾಗಿ ಬೆಂಚಿನ ಮೇಲೆ ಕುಳಿತಳೋ ಇಲ್ಲವೋ, ಎಡಗಡೆಯಿಂದ ಕೂಗು ಎದ್ದಿತು.

ಮಗ: ಅಮ್ಮಾ! ಸಿಕ್ತು! ಸಿಕ್ಕೇಬಿಡ್ತು!

ಆ ಕೂಗು ಮುಗಿಯುವ ಮುಂಚೆ ಬಲಗಡೆಯಿಂದ ಇನ್ನೊಂದು.

ಸೊಸೆ: ಅತ್ತೇ! ಬನ್ನಿ ಇಲ್ಲಿ! ಬಂತು, ಬಂತು!

ಅಮ್ಮ ಹೆತ್ತವಳು. ಮೊದಲು ಮಗನ ಕಡೆಗೇ ಓಡಿದಳು. ಅವನ ಕೋಲು ಬಿಲ್ಲಿನಂತೆ ಬಾಗಿತ್ತು. ಕಾಲನ್ನು ಕಂಬಿಗೆ ಒತ್ತಿ ಹಿಂದಕ್ಕೆ ವಾಲಿದ್ದ. ಅಕ್ಕಪಕ್ಕದವರು ತಮ್ಮ ಗಾಳ ಬಿಟ್ಟು ಅವನನ್ನೇ ನೋಡುತ್ತಿದ್ದರು.

ಅಮ್ಮ: ದೊಡ್ಡದೇನೋ?

ಮಗ: ದೊಡ್ಡದಾ? ರಾಕ್ಷಸ ಕಣಮ್ಮ! ಆದ್ರೆ ಮಹಾ ಹಟಮಾರಿ. ನಾನು ಒಂದು ಮೊಳ ಎಳೆದ್ರೆ ಅದು ಒಂದೂವರೆ ಮೊಳ ಎಳ್ಕೊಳ್ಳುತ್ತೆ.

ಅಮ್ಮ: ಹಾಗಾದ್ರೆ ಹೆಣ್ಣು ಮೀನೇ.

ಮಗ: ಅದ್ರಲ್ಲಿ ಅನುಮಾನವೇ ಇಲ್ಲ. ಸ್ವಲ್ಪನೂ ಸೋಲೋ ಬುದ್ಧಿ ಇಲ್ಲ ಇದಕ್ಕೆ.

ಅಮ್ಮ ಬಲಗಡೆಗೆ ಓಡಿದಳು. ಸೊಸೆಯ ಕೋಲೂ ಬಾಗಿತ್ತು. ಅವಳು ಹಲ್ಲು ಕಚ್ಚಿ ರೀಲು ತಿರುಗಿಸುತ್ತಿದ್ದಳು.

ಅಮ್ಮ: ನಿನ್ನದು ಹೇಗಿದೆ ಮಗಳೇ?

ಸೊಸೆ: ಭಾರ ಇದೆ ಅತ್ತೆ. ಬರೀ ಭಾರ. ಬುದ್ಧಿ ಇಲ್ಲ.

ಅಮ್ಮ: ಮೀನಿಗೆ ಬುದ್ಧಿ ಇಲ್ಲ ಅಂತ ದಾರದಲ್ಲಿ ಹೇಗೆ ಗೊತ್ತಾಗುತ್ತೆ?

ಸೊಸೆ: ಗೊತ್ತಾಗುತ್ತೆ. ಗೊತ್ತುಗುರಿ ಇಲ್ಲದೆ ಒಂದೇ ಸಮ ಎಳೆಯುತ್ತೆ. ಆಮೇಲೆ ಸುಸ್ತಾಗಿ ನಿಲ್ಲುತ್ತೆ. ನೋಡಿ, ಈಗ ನಿಂತಿತು. ಏನು ಮಾಡ್ತಿದೆಯೋ ಒಳಗೆ.

ಅಮ್ಮ ಎಡಗಡೆಗೆ ಹೋದಳು. ಮಗ ಕೋಲನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಜೇಬಿನಿಂದ ಕಡಲೆಕಾಯಿ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದ.

ಅಮ್ಮ: ಏನೋ, ಮೀನು ಬಿಟ್ಟು ತಿಂತಾ ನಿಂತಿದ್ದೀಯ?

ಮಗ: ಶಕ್ತಿ ಬೇಡ್ವಾ? ಅವಳಿಗೆ ಹೇಳಬೇಡ, ಕಡಲೆಕಾಯಿ ತಿನ್ನಬಾರದು ಅಂತ ಆಣೆ ಹಾಕಿಸಿದ್ದಾಳೆ. ಸರಿ, ಆಯ್ತು. ಈಗ ನೋಡು!

ಅವನು ಉಸಿರು ಬಿಗಿಹಿಡಿದು ಒಂದು ಜಗ್ಗು ಜಗ್ಗಿದ.

ಸೊಸೆ (ಆ ಪಕ್ಕದಿಂದ): ಅಯ್ಯಮ್ಮಾ! ಎಳೀತು ಅತ್ತೆ! ಮತ್ತೆ ಶುರು ಮಾಡ್ತು!

ಅಮ್ಮ ಗಕ್ಕನೆ ನಿಂತಳು. ಮಗನನ್ನು ನೋಡಿದಳು. ತಿರುಗಿ ಸೊಸೆಯನ್ನು ನೋಡಿದಳು. ಮಗ ಹಿಂದಕ್ಕೆ ವಾಲಿದಾಗ ಸೊಸೆ ಮುಂದಕ್ಕೆ ಬಾಗುತ್ತಿದ್ದಳು. ಸೊಸೆ ಹಿಂದಕ್ಕೆ ವಾಲಿದಾಗ ಮಗ ಮುಂದಕ್ಕೆ. ಇಬ್ಬರು ಕೂಡಿ ಮರ ಕೊಯ್ಯುವ ಉದ್ದ ಗರಗಸದ ಎರಡು ತುದಿ ಹಿಡಿದ ಹಾಗೆ. ಮರ ಮಾತ್ರ ಇರಲಿಲ್ಲ, ನಡುವೆ ಬೋಟು ಇತ್ತು.

ಅಮ್ಮ ನಿಂಬೆಹಣ್ಣನ್ನು ಬಾಯಿಗೆ ಅಡ್ಡ ಹಿಡಿದಳು. ಈ ಸಲ ಅದು ವಾಂತಿಗಲ್ಲ, ನಗುವಿಗೆ.

ಬೋಟಿನವನು ಗದ್ದಲ ಕೇಳಿ ಬಂದ. ಆಚೆ ನೋಡಿದ, ಈಚೆ ನೋಡಿದ, ಅವನ ಬಾಯಿ ತೆರೆಯಿತು.

ಅಮ್ಮ: ಮುಚ್ಚಪ್ಪ ಬಾಯಿ.

ಬೋಟಿನವ: ಅಮ್ಮಾ, ಅದು ಮೀನಲ್ಲ! ಇಬ್ಬರ ದಾರನೂ ಬೋಟಿನಡಿ...

ಅಮ್ಮ: ನನಗೂ ಕಣ್ಣಿದೆ.

ಬೋಟಿನವ: ಬಿಡಿಸ್ಬೇಕು ಅಮ್ಮಾ.

ಅಮ್ಮ: ಸ್ವಲ್ಪ ಹೊತ್ತು ತಡಿ. ಇವರಿಬ್ಬರೂ ಒಬ್ಬರ ಮೇಲೊಬ್ಬರು ಇಷ್ಟು ಗಮನ ಇಟ್ಟಿದ್ದು ಮದುವೆ ದಿನಾನೂ ನಾನು ನೋಡಿಲ್ಲ.

ಬೋಟಿನವ: ಕೋಲು ಮುರಿದ್ರೆ?

ಅಮ್ಮ: ಮನೆ ಮುರಿಯೋದಕ್ಕಿಂತ ವಾಸಿ.

ಬೋಟಿನವನು ತಲೆ ಕೆರೆದುಕೊಂಡು ನಿಂತ. ಅಮ್ಮ ಮಗನ ಬಳಿ ಹೋದಳು. ಅವನ ಮುಖ ಟೊಮೇಟೊ ಆಗಿತ್ತು.

ಅಮ್ಮ: ಒಂದು ಮಾತು ಕೇಳ್ತೀನಿ ಕಣೋ. ಗೆದ್ದ ಮೇಲೆ ಏನು ಮಾಡ್ತೀಯ?

ಮಗ: ಕಿಟಕಿ ನಂದು.

ಅಮ್ಮ: ಅವಳು?

ಮಗ: ಅವಳು... ಗೆದ್ದ ಮೇಲೆ ಕೊಡಬಹುದಮ್ಮ, ಮಧ್ಯಾಹ್ನದ ಮೇಲೆ ಸ್ವಲ್ಪ ಜಾಗ. ಆ ಮೂಲೇಲಿ ನಾಲಿಗೆ ಕಚ್ಚಿಕೊಂಡು ಸೂಜಿಗೆ ದಾರ ಪೋಣಿಸೋಕೆ ಒದ್ದಾಡ್ತಾಳೆ. ನಾನೇನು ನೋಡಿಲ್ವಾ? ಆವತ್ತು ಆ ಅಂಗಿ ಎಸೆದು ಹೋದ್ರಲ್ಲ, ನನಗೂ ಊಟ ಸೇರಲಿಲ್ಲ.

ಅಮ್ಮ: ಹಾಗಿದ್ರೆ ಈಗಲೇ ಕೊಟ್ಟುಬಿಡು.

ಮಗ: ಈಗ ಕೊಟ್ರೆ ಸೋತ ಹಾಗಲ್ವಾ?

ಅಮ್ಮ ಸೊಸೆಯ ಬಳಿ ಹೋದಳು. ಅವಳ ಜಡೆ ಬಿಚ್ಚಿ ಹೋಗಿತ್ತು.

ಅಮ್ಮ: ಗೆದ್ದರೆ ಅವನ ಮೇಜು ಏನು ಮಾಡ್ತೀಯೇ?

ಸೊಸೆ: ಎತ್ತಿ ಅಡುಗೆಮನೆ ಮೂಲೆಗೆ ಹಾಕ್ತೀನಿ. ಅನುಭವಿಸ್ಲಿ.

ಅಮ್ಮ: ನಿಜವಾಗ್ಲೂ?

ಸೊಸೆ: ಎಲ್ಲಿ ಆಗುತ್ತೆ ಅತ್ತೆ. ಕಣ್ಣಿಗೆ ಆ ಗಾಜು ಸಿಕ್ಕಿಸ್ಕೊಂಡು, ಮೂಗು ಮೇಜಿಗೆ ತಾಗೋ ಹಾಗೆ ಬಗ್ಗಿರ್ತಾರೆ. ಬೆಳಕಿದ್ದೂ ಹಾಗೆ, ಇಲ್ಲದಿದ್ರೆ ಕಣ್ಣೇ ಹೋಗುತ್ತೆ. ಒಂದು ಪಕ್ಕ ಬಿಟ್ಟುಕೊಡ್ತೀನಿ. ಆದ್ರೆ ಅವರು ಬಾಯಿಬಿಟ್ಟು ಕೇಳ್ಬೇಕು. ಒಂದೇ ಒಂದು ಸಲ.

ಅಮ್ಮ: ಈಗಲೇ ಹೋಗಿ ಹಾಗಂತ ಹೇಳಲಾ?

ಸೊಸೆ: ಬೇಡಿ ಅತ್ತೆ! ಈಗ ಹೇಳಿದ್ರೆ ಸೋತ ಹಾಗಲ್ವಾ?

ಅಮ್ಮ ಬೆಂಚಿಗೆ ಬಂದು ಕುಳಿತಳು. ಅವಳ ಮನೆಯಲ್ಲಿ ಎಲ್ಲವೂ ಇತ್ತು. ಬೆಳಕಿತ್ತು, ಜಾಗವಿತ್ತು, ಪ್ರೀತಿಯೂ ಇತ್ತು. ಮೊದಲು ಸೋಲುವವರು ಮಾತ್ರ ಇರಲಿಲ್ಲ.

ಮಗ (ಪಕ್ಕದವರಿಗೆ): ಪಾಪ, ದಣಿದಿದೆ ಅನ್ಸುತ್ತೆ ರೀ. ಬಡಪಾಯಿ ಜೀವ. ಒಂಚೂರು ಸಡಿಲ ಬಿಡ್ತೀನಿ.

ಸೊಸೆ (ಆ ಪಕ್ಕದಿಂದ): ಸೋತಿತು! ಅತ್ತೆ, ಸೋತಿತು! ಸಡಿಲ ಆಯ್ತು!

ಅವಳು ಗಿರಗಿರನೆ ರೀಲು ತಿರುಗಿಸಿದಳು. ಕರುಣೆ ತೋರಿದ್ದಕ್ಕೆ ಮಗನಿಗೆ ಸಿಕ್ಕ ಫಲ ಏನೆಂದರೆ, ಕೋಲು ಕೈಯಿಂದ ಹಾರಿಹೋಗುವುದರಲ್ಲಿತ್ತು. ಅವನು ಅದನ್ನು ಅಪ್ಪಿಕೊಂಡು ಕಂಬಿಯ ಮೇಲೆ ಹೊಟ್ಟೆ ಊರಿ ಬಗ್ಗಿದ. ಪಕ್ಕದವರು ಅವನ ಸೊಂಟ ಹಿಡಿದರು. ಅದನ್ನು ನೋಡಿ ಆ ಪಕ್ಕದವರು ಸೊಸೆಯ ಸೊಂಟ ಹಿಡಿಯಲು ಇಬ್ಬರು ಹೆಂಗಸರನ್ನು ಕಳಿಸಿದರು. ಬೋಟಿನ ತುಂಬ ಒಂದೇ ಕೂಗು.

ಮಗ: ಬಿಡಲ್ಲ! ಇವತ್ತು ನಾನೋ ನೀನೋ!

ಸೊಸೆ: ಬಾ ಹೊರಗೆ! ನಿನ್ನ ಮುಖ ನೋಡೇ ಹೋಗ್ತೀನಿ!

ಬೋಟಿನವ: ಅಮ್ಮಾ, ಇನ್ನು ನನ್ನ ಕೈಲಾಗಲ್ಲ. ಸಾರ್ ನೀರಿಗೆ ಬಿದ್ರೆ ಎತ್ತೋಕೆ ಬೇರೆ ಬೋಟು ಕರೆಸ್ಬೇಕು.

ಅವನು ತುದಿಗೆ ಕೊಕ್ಕೆ ಇದ್ದ ಉದ್ದನೆಯ ಬಿದಿರು ತಂದು ಬೋಟಿನ ಹಿಂಭಾಗದಲ್ಲಿ ನೀರಿಗೆ ಹಾಕಿ ಕೆದಕಿದ. ಏನೋ ಸಿಕ್ಕಿತು. ಮೇಲೆತ್ತಿದ. ಎಡದಿಂದ ಬಂದ ಒಂದು ದಾರ, ಬಲದಿಂದ ಬಂದ ಒಂದು ದಾರ, ನಡುವೆ ಜುಟ್ಟುಜುಟ್ಟು ಹಿಡಿದಂತೆ ಎರಡು ಗಾಳ. ಎರಡರ ಸಿಗಡಿಗಳೂ ಚುಚ್ಚಿದ ಹಾಗೇ ಇದ್ದವು. ಯಾವ ಮೀನೂ ಮೂಸಿಯೂ ನೋಡಿರಲಿಲ್ಲ.

ಬೋಟಿನವನು ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

ಬೋಟಿನವ: ಸಾರ್, ನಿಮ್ಮ ಮೀನು ಆ ಪಕ್ಕ ನಿಂತಿದೆ. ಅಮ್ಮಾವ್ರೇ, ನಿಮ್ಮದು ಈ ಪಕ್ಕ.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಗಂಡಹೆಂಡಿರು ಮಾತ್ರ ನಗಲಿಲ್ಲ. ಇಬ್ಬರೂ ಅಮ್ಮನ ಮುಂದೆ ಬಂದು ನಿಂತರು.

ಸೊಸೆ: ಅತ್ತೆ, ಇವರು ತಮ್ಮ ಮೀನಿನ ಬಗ್ಗೆ ಏನಂದ್ರು?

ಅಮ್ಮ: ಹಟಮಾರಿ ಅಂದ. ಸೋಲೋ ಬುದ್ಧಿ ಇಲ್ಲ ಅಂದ.

ಮಗ: ಇವಳು ಏನಂದ್ಲು?

ಅಮ್ಮ: ಬರೀ ಭಾರ, ಬುದ್ಧಿ ಇಲ್ಲ ಅಂದಳು.

ಸೊಸೆ: ಮಧ್ಯೆ ಮಧ್ಯೆ ಎಳೆಯೋದು ನಿಲ್ತಿತ್ತಲ್ಲ, ಆಗ ಏನು ಮಾಡ್ತಿದ್ರು?

ಅಮ್ಮ ನಿಂಬೆಹಣ್ಣು ಮೂಸಿದಳು. ಸೊಸೆ ಗಂಡನ ಮೀಸೆಯ ಮೇಲಿದ್ದ ಕಡಲೆಕಾಯಿ ಸಿಪ್ಪೆಯನ್ನು ಎರಡು ಬೆರಳಿನಿಂದ ತೆಗೆದು ಅವನಿಗೇ ತೋರಿಸಿದಳು.

ಮಗ: ಅದಿರಲಿ. ನಿನಗೆ ಮೊದಲೇ ಗೊತ್ತಿತ್ತೇನಮ್ಮಾ?

ಅಮ್ಮ: ಗೊತ್ತಿತ್ತು.

ಮಗ: ಮತ್ತೆ ಯಾಕೆ ಹೇಳಲಿಲ್ಲ?

ಅಮ್ಮ: ನನ್ನ ತಲೆಸುತ್ತು ನಿಂತಿತ್ತು ಕಣೋ.

ಮಗ ಬೆವರು ಒರೆಸಿಕೊಂಡ. ಆಮೇಲೆ ಅವನಿಗೆ ಏನೋ ಹೊಳೆದು ಮುಖ ಅರಳಿತು.

ಮಗ: ಅಲ್ಲಿಗೆ ಯಾರಿಗೂ ಏನೂ ಸಿಗಲಿಲ್ಲ. ಯಾರೂ ಗೆಲ್ಲಲಿಲ್ಲ. ಕಿಟಕಿ ಎಲ್ಲಿತ್ತೋ ಅಲ್ಲೇ, ಮೇಜು ಎಲ್ಲಿತ್ತೋ ಅಲ್ಲೇ. ನಡೀರಿ.

ಸೊಸೆ: ನಿಲ್ಲಿ. ಏನೂ ಸಿಗಲಿಲ್ಲ ಅಂತ ಯಾರು ಹೇಳಿದ್ದು?

ಮಗ: ಸಿಕ್ಕಿದ್ದು ಏನೇ?

ಸೊಸೆ: ಏನು ಸಿಕ್ಕಿದ್ರೂ ಲೆಕ್ಕ ಅಂದೋರು ಯಾರು?

ಮಗ: ನಾನೇ.

ಸೊಸೆ: ನಿಮ್ಮ ಗಾಳಕ್ಕೆ ಯಾರು ಸಿಕ್ಕಿದ್ದು?

ಮಗ: ನೀನು.

ಸೊಸೆ: ನನ್ನ ಗಾಳಕ್ಕೆ?

ಮಗನ ಕಣ್ಣು ತಾನಾಗಿಯೇ ತೂಕದ ಯಂತ್ರದ ಕಡೆ ಹೋಯಿತು, ಅಲ್ಲಿಂದ ತನ್ನ ಹೊಟ್ಟೆಯ ಕಡೆ ಬಂತು.

ಸೊಸೆ: ಯಾರದ್ದು ಜಾಸ್ತಿ ತೂಗುತ್ತೋ ಅವರು ಗೆದ್ದ ಹಾಗೆ. ಸಾಕ್ಷಿ ಎಲ್ಲಿ?

ಬೋಟಿನವ: ಇಲ್ಲೇ ಇದ್ದೀನಿ ಅಮ್ಮಾವ್ರೇ. ಸಾರ್ ಹಾಗೇ ಅಂದಿದ್ದು. ಗಂಡಸಿನ ಮಾತು ಅಂತನೂ ಅಂದ್ರು.

ಜನ: ತೂಗಿ! ತೂಗಿ!

ಸೊಸೆ ಹೋಗಿ ಹಲಗೆಯ ಮೇಲೆ ನಿಂತಳು. ಮುಳ್ಳು ಮರ್ಯಾದೆಯಿಂದ ಸ್ವಲ್ಪ ದೂರ ಹೋಗಿ ನಿಂತಿತು. ಅವಳು ಇಳಿದು ಗಂಡನಿಗೆ ದಾರಿ ಬಿಟ್ಟಳು. ಮಗ ಚಪ್ಪಲಿ ಬಿಟ್ಟ. ಜೇಬಿನಿಂದ ಚಿಮಟ, ತಿರುಪುಳಿ, ಕಣ್ಣಿನ ಗಾಜು, ಕೊನೆಗೆ ಉಳಿದ ಕಡಲೆಕಾಯಿ ಎಲ್ಲ ತೆಗೆದು ಅಮ್ಮನ ಮಡಿಲಿಗೆ ಹಾಕಿದ. ಉಸಿರು ಹೊರಗೆ ಬಿಟ್ಟು ಹಲಗೆ ಹತ್ತಿದ. ಮುಳ್ಳು ಹೊರಟಿತು. ಸೊಸೆ ನಿಂತ ಜಾಗ ದಾಟಿತು. ದಾಟಿ ಹೋಗುತ್ತಲೇ ಇತ್ತು.

ಬೋಟಿನವ: ಸಾಕು ಇಳೀರಿ ಸಾರ್, ಯಂತ್ರ ಹಳೇದು.

ಅಮ್ಮ: ಬೆಳಿಗ್ಗೆ ಹೇಳಿದ್ಯಲ್ಲೋ, ನನ್ನ ತೂಕದ ಬೆಲೆ ನೋಡು ಅಂತ. ನೋಡಿದ್ವಿ.

ಮಗ: ಏನಪ್ಪಾ, ಚಿಕ್ಕದು ಸಿಕ್ಕಿದ್ರೆ ನೀರಿಗೆ ಬಿಡಬೇಕು ಅಂದ್ಯಲ್ಲ. ನನಗೆ ಸಿಕ್ಕಿದ್ದು ಚಿಕ್ಕದು.

ಬೋಟಿನವ: ಬಿಡಬೇಕು ಸಾರ್. ಆದ್ರೆ ಇದು ನೀವು ಬಿಟ್ರೂ ಹೋಗೋ ಜಾತಿ ಅಲ್ಲ.

ಬೋಟಿನವನು ಸೊಸೆಯನ್ನು ಯಂತ್ರದ ಪಕ್ಕದಲ್ಲಿ ನಿಲ್ಲಿಸಿದ, ಅವಳು ಹಿಡಿದದ್ದನ್ನು ಯಂತ್ರದ ಮೇಲೇ ನಿಲ್ಲಿಸಿ ಫೋಟೋ ತೆಗೆದ. ಫೋಟೋದಲ್ಲಿ ಸೊಸೆ ನಕ್ಕಳು. ಮೀನು ನಗಲಿಲ್ಲ.

ಅಮ್ಮ: ಏನಪ್ಪಾ, ವಾಪಸ್ ಹೋಗೋ ಹೊತ್ತಾಯ್ತಾ?

ಬೋಟಿನವ: ಸಾರ್ ರಿಪೇರಿ ಮಾಡಿದ ಗಡಿಯಾರ ನೋಡಿದ್ರೆ ನಾವು ನಿನ್ನೇನೇ ಮನೆಗೆ ಹೋಗಿ ಆಗಿದೆ ಅಮ್ಮಾ.

ಬೋಟು ದಡದ ಕಡೆ ತಿರುಗಿತು. ಜನ ತಮ್ಮ ತಮ್ಮ ಮೀನು ಬುಟ್ಟಿಗೆ ತುಂಬಿಕೊಂಡರು. ಗಾಳ ಹಾಕುವಾಗ ಆಚೆಗೊಬ್ಬರು ಈಚೆಗೊಬ್ಬರು ನಿಂತಿದ್ದ ಗಂಡಹೆಂಡಿರು ಈಗ ಬೆಂಚಿನ ಮೇಲೆ ಅಮ್ಮನ ಎಡಕ್ಕೊಬ್ಬರು ಬಲಕ್ಕೊಬ್ಬರು ಕುಳಿತರು. ಮಗ ಒಂದೆರಡು ಸಲ ಕೆಮ್ಮಿದ. ಚಿಮಟವನ್ನು ಅಮ್ಮನ ಮಡಿಲಿಂದ ಎತ್ತಿಕೊಂಡ, ಮತ್ತೆ ಅಲ್ಲೇ ಇಟ್ಟ.

ಮಗ: ಅಮ್ಮಾ, ಅವಳನ್ನ ಕೇಳು...

ಅಮ್ಮ: ನಾನು ಬೆಳಿಗ್ಗೆಯಿಂದ ನಡೆದೂ ನಡೆದೂ ಕಾಲು ಬಿದ್ದುಹೋಗಿದೆ. ಬಾಯಿ ನಿನಗೂ ಇದೆ.

ಮಗ ಮತ್ತೊಂದು ಸಲ ಕೆಮ್ಮಿದ. ಅಮ್ಮನ ತಲೆಯ ಮೇಲಿಂದ ಸೊಸೆಯ ಕಡೆ ನೋಡಿದ.

ಮಗ: ಕಿಟಕಿ ಹತ್ರ... ನನಗೂ ಒಂದು ಮೂಲೆ ಸಿಗುತ್ತೇನೇ?

ಸೊಸೆ ಕೇಳಿಸಿಕೊಂಡಳು. ಕೆನ್ನೆಯಲ್ಲಿ ಬಂದ ನಗುವನ್ನು ಸೆರಗಿನಲ್ಲಿ ಒರೆಸಿಕೊಂಡಳು. ಬೋಟಿನವನನ್ನು ಕೂಗಿದಳು.

ಸೊಸೆ: ಅಣ್ಣಾ, ದೊಡ್ಡದು ಸಿಕ್ಕಿದ್ರೆ ಏನು ಮಾಡ್ಬೇಕು ಅಂದ್ರಿ?

ಬೋಟಿನವ: ಮನೆಗೆ ತಗೊಂಡು ಹೋಗ್ಬೇಕು ಅಮ್ಮಾವ್ರೇ.

ಅಮ್ಮ: ಅಲ್ಲ ಕಣೇ, ಇಷ್ಟು ದೊಡ್ಡದನ್ನ ನಮ್ಮ ಮನೇಲಿ ಎಲ್ಲಿಡ್ತೀಯ?

ಸೊಸೆ: ಕಿಟಕಿ ಪಕ್ಕದಲ್ಲೇ ಇಡ್ತೀನಿ ಅತ್ತೆ. ಕತ್ತಲಲ್ಲಿಟ್ರೆ ವಾಸನೆ ಬರುತ್ತೆ.